ಮನೆಯಳಿಯನನ್ನು ತಂದ ಮಿಸ್ತ್ರಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಿಮ್ಮ ಯಜಮಾನರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ ಎಂದು ಫೋನ್ ಮಾಡಿದಾಗ ಅವರ ಹೆಂಡತಿಯೇ ಬೇಡವೆಂದರು.

"ಬರೀರಿ, ಆದ್ರ ಹೆಸರ ಹಾಕಬ್ಯಾಡ್ರಿ ಅಕ್ಕಾರ. ಹೆಸರ ನೋಡಿ ಮಂದಿ ಮತ್ತ ಹಾರ್ನ್ ಹೊಡಿವಲ್ದು, ಲೈಟ್ ಹತ್ತವಲ್ದು ಅಂತ ಗಾಡಿ ತಗೊಂಡು ಮನಿಮುಂದ ಬಂದು ನಿಂದರ್ತಾರ. ನಾ ಏನಂತ ಹೇಳ್ಲಿ ಅವರಿಗಿ?"

ಹೇಳಿ ಆಕೆ ನಕ್ಕರು.

ಹಾಗಾಗಿ ಊರೆಲ್ಲ ಕರೆದ ಹಾಗೆ ನಾನೂ ಮಿಸ್ತ್ರಿ ಎಂದೇ ಕರೆಯುತ್ತೇನೆ. ಬಸ್ ಡಿಪೋ ಒಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವರು. ಮನೆ ತಾಜಸುಲ್ತಾನಪುರದಲ್ಲಿ. ಅಲ್ಲಿಂದ ಕಲಬುರಗಿಗೆ ಸೈಕಲ್ ಮೇಲೆ ಬರುತ್ತಿದ್ದರು. ಜೀವಮಾನವೆಲ್ಲ ಎಂಜಿನ್ ಇರುವ ಗಾಡಿಗಳ ಜೊತೆ ಕಳೆದ ಮನುಷ್ಯ ಸ್ವಂತಕ್ಕೆ ಒಂದು ಸ್ಕೂಟರನ್ನೂ ಇಟ್ಟುಕೊಳ್ಳಲಿಲ್ಲ. ಯಾಕೆಂದು ಕೇಳಿದರೆ, "ಮನಿಗಿ ಹ್ವಾದ ಮ್ಯಾಲೂ ಅದರ ಗೋಳ ಕೇಳ್ಬೇಕೇನ್ರಿ?" ಎನ್ನುತ್ತಿದ್ದರು.

ನಾನು ಓದಿದ್ದು ಹೈದರಾಬಾದಿನ ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರುಗಳಿಗೆ ನೀಟ್‌ನೆಸ್ ಎಂದರೆ ಪ್ರಾಣ. ಕಾಲರ್ ಕೊಳೆಯಾಗಿದ್ದರೆ ಅಸೆಂಬ್ಲಿಯಿಂದಲೇ ಹೊರಗೆ. ಆ ಸಿಸ್ಟರುಗಳ ಪರೀಕ್ಷೆಯಲ್ಲಿ ಪಾಸಾಗುವಂಥ ಗಂಡಸರನ್ನು ನಾನು ಬದುಕಿನಲ್ಲಿ ಕಂಡದ್ದು ಕಡಿಮೆ. ಮಿಸ್ತ್ರಿ ಪಾಸಾಗುತ್ತಿದ್ದರು, ಅದೂ ಡಿಸ್ಟಿಂಕ್ಷನ್‌ನಲ್ಲಿ. ನಮ್ಮ ಗಾಡಿಯ ಗ್ರೀಸು, ಎಣ್ಣೆ, ಮಸಿಯ ಕೆಲಸಕ್ಕೆ ಅವರು ಬರುತ್ತಿದ್ದದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಬಂದ ಕೂಡಲೇ ಅಂಗಿ ಬಿಚ್ಚಿ ಹ್ಯಾಂಗರಿಗೆ ಹಾಕಿ ನಮ್ಮ ಅಂಗಳದ ಬೇವಿನ ಕೊಂಬೆಗೆ ತೂಗುಬಿಡುತ್ತಿದ್ದರು. ಹ್ಯಾಂಗರನ್ನೂ ಸೈಕಲ್ಲಿಗೆ ಸಿಕ್ಕಿಸಿಕೊಂಡು ಮನೆಯಿಂದಲೇ ತರುತ್ತಿದ್ದರು. ಇಡೀ ದಿನ ಬನಿಯನ್ನಿನಲ್ಲಿ ಕೆಲಸ. ಎಲ್ಲ ಜೋಡಿಸಿ, ಚಾವಿ ತಿರುಗಿಸುವ ಹೊತ್ತು ಬಂತೆಂದರೆ ಕೈ ತೊಳೆದು, ಅಂಗಿ ತೊಟ್ಟು, ಮೇಲಿನ ಗುಂಡಿಯವರೆಗೂ ಹಾಕಿಕೊಂಡು ಆಮೇಲೆ ಸೀಟು ಹತ್ತುತ್ತಿದ್ದರು.

"ಇದೇನ್ ಸಂಭ್ರಮ ಮಿಸ್ತ್ರಿ?" ಎಂದು ಕೇಳಿದ್ದೆ.

"ಎಂಜಿನ್ ಕಣ್ಣ ತೆರಿತದಲ್ರಿ ಅಕ್ಕಾರ. ಎದುರಿಗಿ ಯಾವನೋ ಮುದುಕ ಬನಿಯನ್ ಮ್ಯಾಲೆ ಕುಂತಿದ್ರ ಏನ್ ತಿಳಕೊಂಡೀತು?"

ಮುದುಕ ಎಂದು ಅವರು ತಮ್ಮನ್ನೇ ಅಂದುಕೊಳ್ಳಬಹುದಿತ್ತು, ಬೇರೆಯವರು ಅನ್ನುವ ಹಾಗಿರಲಿಲ್ಲ. ಮೀಸೆಗೆ ತಪ್ಪದೆ ಡೈ. ತಾವು ಡಿಪೋದಲ್ಲಿದ್ದಾಗ ಒಂದು ಬಸ್ಸೂ ದಾರಿಯಲ್ಲಿ ಕತ್ತಲಾಗಿ ನಿಂತಿಲ್ಲ ಎಂದು ಹೇಳುತ್ತಿದ್ದರು. ಅದು ಸುಳ್ಳೆಂದು ನನಗೆ ಗೊತ್ತು, ಅಂಥ ಕತ್ತಲೆಯ ಬಸ್ಸಿನಲ್ಲಿ ನಾನೇ ಕೂತಿದ್ದೇನೆ. ಇನ್ನೊಬ್ಬರು ಮಾಡಿದ ಜಾಯಿಂಟನ್ನು ಬಿಚ್ಚುವಾಗಂತೂ ಅವರ ಬಾಯಿಗೆ ಬ್ರೇಕೇ ಇರಲಿಲ್ಲ. "ಇದ್ಯಾವ ಹಜಾಮ ಮಾಡ್ಯಾನ್ರಿ?" ಎಂದು ಶುರುವಾದರೆ ಆ ಕಾಣದ ಮನುಷ್ಯನ ಮದುವೆ, ಮಕ್ಕಳವರೆಗೂ ಹೋಗುತ್ತಿತ್ತು. ಕಪ್ಪು ಟೇಪನ್ನು ಕಂಡರೆ ಆಗದು. ತಂತಿಗೆ ತಂತಿ ಹೊಸೆದು ಟೇಪು ಸುತ್ತುವುದು ಅವರ ಪ್ರಕಾರ ಹೊಲಸು ಮುಚ್ಚಿ ರಂಗೋಲಿ ಹಾಕಿದ ಹಾಗೆ. ಪ್ರತಿ ಜಾಯಿಂಟಿಗೂ ಬೆಸುಗೆ ಹಾಕಲೇಬೇಕು.

ಇಷ್ಟು ದೊಡ್ಡ ಬಾಯಿಯ ಮನುಷ್ಯ ಹಲ್ಲಿಗೆ ಹೆದರುತ್ತಿದ್ದರು. ನಮ್ಮ ವರಾಂಡದ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಕರೆಂಟು ಹೊಡೆದವರಂತೆ ಎದ್ದು ನಿಲ್ಲುತ್ತಿದ್ದರು. "ಬ್ಯಾಟರಿ ಮುಟ್ಟಿದ್ರ ಗೊತ್ತಾಗ್ತದ್ರಿ ಎಲ್ಲಿ ಹೊಡಿತದಂತ. ಅದರದೇನು ಭರವಸಾ?"

ನಮ್ಮ ಮೊದಲ ಭೇಟಿ ಮಹಾಗಾಂವದ ಹತ್ತಿರ ಆಯಿತು. ನನ್ನ ಮನೆಯವರು ತೀರಿಕೊಂಡ ಮೇಲೆ ಕಮಲಾಪುರದ ನಮ್ಮ ಕೆಂಪು ಬಾಳೆಯ ತೋಟವನ್ನು ನಾನೇ ನೋಡಿಕೊಳ್ಳುತ್ತೇನೆ. ವಾಸ ಕಲಬುರಗಿಯಲ್ಲಿ. ತೋಟಕ್ಕೆ ಹೋಗಿಬರುವುದು, ಗೊನೆಗಳನ್ನು ಸಿಟಿಗೆ ತರುವುದು ನಮ್ಮ ಹಳೆಯ ಪಿಕ್‌ಅಪ್‌ನಲ್ಲಿ. ಓಡಿಸುವುದು ನಾನೇ. ಅವತ್ತು ಬರುವಾಗ ಸಂಜೆಯ ಮಬ್ಬಿನಲ್ಲಿ ಎರಡೂ ಹೆಡ್‌ಲೈಟ್ ಹೋದವು. ಬಸ್ಸಿಗೆ ಕಾಯುತ್ತಿದ್ದ ಬಿಳಿ ಅಂಗಿಯ ಮನುಷ್ಯ ಬಂದು, ಕೇಳದೆಯೇ ಬಾನೆಟ್ ಎತ್ತಿ, ಯಾರನ್ನೋ ಮನಸಾರೆ ಬೈದು, ಲೈಟು ಹತ್ತಿಸಿದರು. ಆಮೇಲೆ ಒಳಗೆ ಇಣುಕಿದರು.

"ಡ್ರೈವರ್ ಎಲ್ಲ್ಯಾನ್ರಿ?"

"ನಾನೇ ಡ್ರೈವರ್."

ಅವರು ನನ್ನ ಬಿಳಿ ಕೂದಲು ನೋಡಿದರು, ಸ್ಟಿಯರಿಂಗ್ ನೋಡಿದರು. "ಹಂಗಾದ್ರ ನನ್ನ ತಾಜಸುಲ್ತಾನಪುರಕ್ಕ ಬಿಟ್ಟು ಹೋಗ್ರಿ" ಎಂದು ಪಕ್ಕದಲ್ಲಿ ಹತ್ತಿ ಕೂತರು.

ನನ್ನ ಪಕ್ಕ ಕೂತ ಗಂಡಸರೆಲ್ಲ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದು, ಕಾಲಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತ, "ಸಾವಕಾಶ, ಸಾವಕಾಶ" ಎನ್ನುವವರೇ. ನಮ್ಮ ಮನೆಯವರೂ ಇದಕ್ಕೆ ಹೊರತಲ್ಲ. ಈ ಮಿಸ್ತ್ರಿ ಎರಡು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದರು. ಊರು ಬಂದಾಗ ನಾನೇ ಎಬ್ಬಿಸಬೇಕಾಯಿತು. ಇಷ್ಟು ದೊಡ್ಡ ಕಾಂಪ್ಲಿಮೆಂಟನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಆ ಪಿಕ್‌ಅಪ್‌ನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಯವರು ಅದನ್ನು ಹೊಸದಾಗಿ ತಂದ ವರ್ಷ ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ಬಾಳೆಯ ಸಾಲುಗಳ ನಡುವಿನ ಬಂಡಿದಾರಿಯಲ್ಲಿ. ಅವರು ಪ್ರತಿ ದಸರೆಗೆ ತಾವೇ ಬ್ರಷ್ ಹಿಡಿದು ಅದಕ್ಕೆ ಹೊಸ ಬಣ್ಣ ಹೊಡೆಯುತ್ತಿದ್ದರು. ಒಂದು ವರ್ಷ ನೀಲಿ, ಒಂದು ವರ್ಷ ಇಟ್ಟಿಗೆ ಕೆಂಪು. ಈ ಸಲ ಯಾವ ಬಣ್ಣ ಎಂದು ಕಮಲಾಪುರದಲ್ಲಿ ಮಂದಿ ಕೇಳುತ್ತಿದ್ದರು. ಕೊನೆಯ ಸಲ ಹೊಡೆದದ್ದು ಬಾಳೆ ಎಲೆಯ ಹಸಿರು. ಆಮೇಲೆ ಯಾರೂ ಬ್ರಷ್ ಹಿಡಿಯಲಿಲ್ಲ.

ಒಂದು ಬೇಸಿಗೆಯಲ್ಲಿ ಅದರ ಎಂಜಿನ್ ಬಿಗಿದು ನಿಂತಿತು, ರಿಪೇರಿಗೆ ಮೀರಿ. ಕಮಲಾಪುರದಿಂದ ನನ್ನ ಮೈದುನ ಬಂದ.

"ವೈನಿ, ಇನ್ನ ಸಾಕ್ ಮಾಡ್ರಿ. ಮೊಣಕಾಲ ನೋವು ಅದ, ಬಿಪಿ ಗುಳಿಗಿ ಅವ. ತೋಟ ನನಗ ಲಾವಣಿಗಿ ಕೊಡ್ರಿ, ನಾ ನೋಡ್ಕೋತೀನಿ. ಹಣ್ಣ ಮನಿಗೇ ಕಳಸ್ತೀನಿ, ಆರಾಮ ಟೀವಿ ನೋಡ್ಕೋತ ತಿನ್ರಿ."

"ಹೊಸಾ ಗಾಡಿ ತಗೋತೀನಿ."

"ತಗೋರಿ. ಹೊಸಾದಕ್ಕ ಡ್ರೈವರ್ ಇಡಬೇಕು. ಅದನ್ನ ನೀವ ಓಡಿಸಾದು ನಾ ಒಪ್ಪಂಗಿಲ್ಲ. ಹಳೀದರ ಮಾತ ಬ್ಯಾರೆ ಇತ್ತು, ಅದು ನಿಮ್ಮ ಕೈಯಾಗಿಂದು."

ನನ್ನ ಮೈದುನ ಕೆಟ್ಟವನಲ್ಲ. ಅವನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ ತೋಟಕ್ಕೆ ನಾನು ಅತಿಥಿಯಾಗಿ ಹೋಗಬೇಕಾಗುತ್ತಿತ್ತು. ಮರದ ಕೆಳಗೆ ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ, ಯಾವ ಗೊನೆ ಕಡಿಯಬೇಕೆಂದು ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಹಟಕ್ಕೆ ಬಿದ್ದೆ. "ಮುಂದಿನ ಗೊನೆ ಕಡಿಯೋ ಹೊತ್ತಿಗಿ ಇದೇ ಗಾಡಿ ನಾನೇ ಓಡಿಸಿಕೊಂಡು ಕಮಲಾಪುರಕ್ಕೆ ಬಂದ್ರ ತೋಟ ನಂದು. ಬರದಿದ್ರ ನಿಂದು. ಪ್ರಾಮಿಸ್."

"ಎಂಜಿನ್ನೇ ಇಲ್ದ ಗಾಡಿ ಮ್ಯಾಲೆ ಪ್ರಾಮಿಸ್ ಮಾಡಾಕತ್ತೀರಲ್ಲ ವೈನಿ" ಎಂದು ಅವನು ನಗುತ್ತ ಒಪ್ಪಿದ.

ವಿಷಯ ತಿಳಿದ ಮಿಸ್ತ್ರಿ ಮಾತ್ರ ನಗಲಿಲ್ಲ. ಅಂಗಳದಲ್ಲಿ ಪಿಕ್‌ಅಪ್‌ನ ಸುತ್ತ ಎರಡು ಸುತ್ತು ಬಂದು, "ಹೊಸಾ ಎಂಜಿನ್ ಕೂಡ್ಸೋಣ್ರಿ" ಎಂದರು. ಅದೇ ಜಾತಿಯ ಹೊಸ ಮಾದರಿಯ ಪಿಕ್‌ಅಪ್ ಒಂದು, ಹಿಂಭಾಗ ನುಜ್ಜುಗುಜ್ಜಾಗಿ ಗುಜರಿ ಅಂಗಡಿಗೆ ಬಂದಿತ್ತಂತೆ, ಎಂಜಿನ್ ಮಾತ್ರ ಗಟ್ಟಿ. ಆದರೆ ಹಳೆಯ ಎಂಜಿನ್ನಿನಂತೆ ಅದು ತಾನಾಗಿ ಓಡುವುದಿಲ್ಲ. ಎಷ್ಟು ಡೀಸೆಲ್, ಯಾವಾಗ ಎಂದು ಹೇಳುವುದಕ್ಕೆ ಅದಕ್ಕೊಂದು ಕಂಪ್ಯೂಟರ್ ಬೇಕು, ಆ ಕಂಪ್ಯೂಟರಿಗೆ ಅದರದೇ ವೈರುಗಳು, ಅದರದೇ ಪೆಡಲ್, ಕೊನೆಗೆ ಚಾವಿ ಕೂಡ ಅದರದೇ. ಎಲ್ಲವನ್ನೂ ಅವರು ಗುಜರಿಯಿಂದ ಹೊರಿಸಿಕೊಂಡು ಬಂದರು. ಆರ್‌ಟಿಒ ಪರ್ಮಿಷನ್ನಿಗೆ ನಾನು ಓಡಾಡಿದೆ. ಎಂಜಿನ್ ಇಳಿಸಿ ಕೂರಿಸುವ ಕಬ್ಬಿಣದ ಕೆಲಸವನ್ನು ರೋಜಾ ಬಡಾವಣೆಯ ಕಡೆಯ ಫಿಟ್ಟರ್ ಒಬ್ಬರು ಮುಗಿಸಿ ಹೋದರು.

"ಕೂಡ್ಸೋದು ಸುಲಭ ಅದ ಅಕ್ಕಾರ, ಒಗ್ಗಿಸೋದು ಕಷ್ಟ" ಎಂದರು ಮಿಸ್ತ್ರಿ. ಊಟದ ಡಬ್ಬಿಯಷ್ಟು ದೊಡ್ಡದಾದ ಆ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನನಗೆ ತೋರಿಸಿದರು. "ಇಂವ ಮನಿಅಳಿಯ ಅಂತ ತಿಳೀರಿ. ಕಲಿತಾಂವ, ಶಾಣ್ಯಾ. ಆದ್ರ ಬಂದದ್ದು ಮುದುಕಿ ಮನಿಗಿ. ಮುದುಕಿಗಿ ಇಂವನ ಭಾಷಾ ಬರಂಗಿಲ್ಲ, ಇಂವಗ ಮುದುಕಿ ಪದ್ಧತಿ ತಿಳಿಯಂಗಿಲ್ಲ. ನಡುವ ನಾವು ಕುಂತು ಇಬ್ಬರಿಗೂ ಹೇಳ್ಬೇಕು."

"ನಾವು ಅಂದ್ರ ಯಾರ‍್ಯಾರು?"

"ನೀವು ಇಂಗ್ಲಿಷ್ ಓದ್ರಿ. ನಾ ವೈರ್ ಹಿಡಿತೀನಿ."

ಹೀಗೆ ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಈ ವಯಸ್ಸಿನಲ್ಲಿ ಒಂದು ಕೆಲಸ ಸಿಕ್ಕಿತು. ಆ ಎಂಜಿನ್ನಿನ ವೈರಿಂಗ್ ಡಯಾಗ್ರಾಮನ್ನು ಪ್ರಿಂಟ್ ತೆಗೆಸಿ, ಹಾಳೆಗೆ ಹಾಳೆ ಅಂಟಿಸಿದರೆ ಅದು ಹಾಸಿಗೆಯ ಚಾದರದಷ್ಟಾಯಿತು. ಬೆಳಗಿನ ತಂಪಿನಲ್ಲಿ ವರಾಂಡದ ಪರಸಿ ಕಲ್ಲಿನ ಮೇಲೆ ಅದನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟು ನಾವಿಬ್ಬರೂ ಕೂರುತ್ತಿದ್ದೆವು. ನಾನು ಭೂತಗನ್ನಡಿ ಹಿಡಿದು ಓದುವುದು, ಅವರು ಗೆರೆಯ ಮೇಲೆ ಬೆರಳೆಳೆಯುತ್ತ ಹೋಗುವುದು. ನನಗೆ ಓದಲು ಬರುತ್ತಿತ್ತು, ಅರ್ಥ ಒಂದೂ ತಿಳಿಯುತ್ತಿರಲಿಲ್ಲ. ಅವರಿಗೂ ಎಲ್ಲ ತಿಳಿಯುತ್ತಿತ್ತು ಎಂದೇನಲ್ಲ. ತಿಳಿಯದಿದ್ದಾಗ "ಮತ್ತೊಮ್ಮಿ ಓದ್ರಿ" ಎನ್ನುತ್ತಿದ್ದರು, ಜೋರಾಗಿ ಓದಿದರೆ ತಿಳಿದೀತು ಎನ್ನುವ ಹಾಗೆ.

"ಯೆಲ್ಲೋ ವಿತ್ ರೆಡ್, ಟು ಕೂಲೆಂಟ್ ಟೆಂಪರೇಚರ್ ಸೆನ್ಸರ್."

"ಅಂದ್ರ ಮೈ ಎಷ್ಟ ಬಿಸಿ ಆಗ್ಯಾದ ಅಂತ ಅಳಿಯಗ ಚಾಡಿ ಹೇಳೂ ವೈರ್. ಬರ‍್ರಿ ಮುಂದ."

ಬಣ್ಣ ಮಾಸಿದ ವೈರುಗಳನ್ನು ಗುರುತಿಸಲು ಅವರದೊಂದು ಪದ್ಧತಿ. ಹೆಂಡತಿ ಕುಪ್ಪಸ ಹೊಲಿಯುತ್ತಿದ್ದರು. ಅಲ್ಲಿ ಉಳಿದ ಚೂರು ಬಟ್ಟೆಗಳನ್ನು ತಂದು ಪ್ರತಿ ವೈರಿನ ತುದಿಗೆ ಒಂದೊಂದು ಕಟ್ಟುತ್ತಿದ್ದರು. ಬಿಸಿಯ ಸುದ್ದಿ ಹೇಳುವ ವೈರು ಹಳದಿ ಚುಕ್ಕಿಯದು, ಅವರ ನಾದಿನಿಯ ಕುಪ್ಪಸ. ಡೀಸೆಲ್ ಪಂಪಿನದು ಬದನೆಕಾಯಿ ಬಣ್ಣ, ಪಕ್ಕದ ಮನೆಯ ಸೊಸೆಯದು. "ಓಣಿ ಹೆಣಮಕ್ಕಳೆಲ್ಲ ನಿಮ್ಮ ಬಾನೆಟ್‌ನ್ಯಾಗ ಸೇರ‍್ಯಾರ ನೋಡ್ರಿ" ಎಂದು ನಗುತ್ತಿದ್ದರು.

ಹಾಗೆ ಕೂತಿದ್ದ ಒಂದು ಬೆಳಿಗ್ಗೆ, ಚಹಾ ಕುಡಿಯುತ್ತ, ಅವರು ಒಂದು ಮಾತು ಹೇಳಿದರು. ಡಿಪೋಕ್ಕೆ ಕಂಪ್ಯೂಟರ್ ಇರುವ ಬಸ್ಸುಗಳು ಬಂದಾಗ ಅವುಗಳ ಜೊತೆ ಲ್ಯಾಪ್‌ಟಾಪ್ ಹಿಡಿದ ಹುಡುಗರೂ ಬಂದರಂತೆ. ಬಾನೆಟ್ ಹತ್ತಿರ ಹೋದರೆ, "ಅಂಕಲ್, ಜರಾ ಸೈಡಿಗಿ" ಅನ್ನುತ್ತಿದ್ದರಂತೆ. "ಬೈದಿದ್ರ ಬ್ಯಾಸರಿರಲಿಲ್ರಿ. ಭಾಳ ಮರ್ಯಾದಿಲೆ ಅಂತಿದ್ರು. ಸೈಡಿಗಿ ನಿಂತು ನಿಂತು ರಿಟೈರ್ ಆದೆ." ಅಷ್ಟು ಹೇಳಿ ಕಪ್ಪು ಕೆಳಗಿಟ್ಟು, "ಓದ್ರಿ" ಎಂದರು. ಇನ್ನೊಮ್ಮೆ ಆ ಮಾತು ಎತ್ತಲಿಲ್ಲ.

ಎಲ್ಲ ಜೋಡಿಸಿ ಮುಗಿದ ದಿನ ನನ್ನ ಮೈದುನನೂ ಬಂದಿದ್ದ. ತೋಟದಲ್ಲಿ ಗೊನೆಗಳು ತುಂಬಿಕೊಂಡಿವೆ, ಇನ್ನು ಕಡಿಯುವುದೇ ಎಂದು ಹೇಳಿದ. ಮಿಸ್ತ್ರಿ ಕೈ ತೊಳೆದರು, ಅಂಗಿ ತೊಟ್ಟರು, ಸೀಟು ಹತ್ತಿ ಚಾವಿ ತಿರುಗಿಸಿದರು. ಎಂಜಿನ್ ಗರಗರ ಎಂದಿತು, ಹಿಡಿಯಿತು, ಮತ್ತೆ ಸತ್ತಿತು. ಮತ್ತೊಮ್ಮೆ. ಈ ಸಲ ಹಿಡಿಯಲೇ ಇಲ್ಲ. ಮೂರನೆಯ ಸಲ ಹಿಡಿದು, ಕೆಮ್ಮಿ, ಡ್ಯಾಶ್‌ಬೋರ್ಡಿನ ಹಳದಿ ದೀಪವನ್ನು ಮಿಣಮಿಣ ಮಾಡಿ ಆರಿತು. ಪ್ರತಿ ಸಲ ಬೇರೆ ತಕರಾರು. ಒಂದೇ ತಪ್ಪಾಗಿದ್ದರೆ ಹುಡುಕಬಹುದಿತ್ತು.

"ಅಳಿಯ ಮುನಿಸಿಕೊಂಡಾನ" ಎಂದು ನಕ್ಕರು ಮಿಸ್ತ್ರಿ ಮೊದಲ ದಿನ.

ಮರುದಿನ ಎಲ್ಲ ಕನೆಕ್ಟರ್ ಬಿಚ್ಚಿ ನೋಡಿದರು. ಅದರ ಮರುದಿನ ಅಷ್ಟೂ ವೈರನ್ನು ಹೊರಗೆಳೆದು ಅಂಗಳದಲ್ಲಿ ಹಾಸಿ, ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದರು. ಬೈಗುಳ ಕಡಿಮೆಯಾಯಿತು, ಆಮೇಲೆ ಮಾತೇ ಕಡಿಮೆಯಾಯಿತು. ಕಲಬುರಗಿಯ ಬಿಸಿಲು ಗೊತ್ತಲ್ಲ, ಆ ಬಿಸಿಲಿನಲ್ಲಿ ಮಧ್ಯಾಹ್ನದ ಊಟಕ್ಕೂ ಏಳದೆ ಕೂತಿರುತ್ತಿದ್ದರು. ಮತ್ತೆ ಅಂಗಿ ತೊಟ್ಟು ಚಾವಿ ತಿರುಗಿಸಿದರು. ಮತ್ತೆ ಅದೇ ಕೆಮ್ಮು.

ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫೋನ್ ಎತ್ತಲಿಲ್ಲ. ಬೇವಿನ ಕೊಂಬೆಯಲ್ಲಿ ಅವರು ಬಿಟ್ಟುಹೋದ ಬರಿಯ ಹ್ಯಾಂಗರ್ ತೂಗುತ್ತಿತ್ತು.

ಕಮಲಾಪುರದಿಂದ ಫೋನ್ ಬಂತು. "ವೈನಿ, ಗೊನಿ ಇನ್ನ ತಡಿಯಂಗಿಲ್ಲ. ಟೆಂಪೋ ತರಸ್ತೀನಿ. ಸಿಟ್ಟಿಗೇಳಬ್ಯಾಡ್ರಿ."

"ನಾಳಿ ಒಂದಿನ ತಡಿ" ಎಂದೆ. ಸಿಟ್ಟು ಬರಲಿಲ್ಲ. ಅಳು ಬಂತು, ಅದನ್ನು ಅವನಿಗೆ ಕೇಳಿಸಗೊಡಲಿಲ್ಲ. ಆಟೋ ಹಿಡಿದು ತಾಜಸುಲ್ತಾನಪುರಕ್ಕೆ ಹೋದೆ.

ಅವರ ಮನೆಯಲ್ಲಿ ಸುಣ್ಣ ಬಳಿಯುವ ತಯಾರಿ ನಡೆದಿತ್ತು. ಬುದ್ಧನ ಚಿತ್ರವನ್ನು ಇಳಿಸಿ ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದರು. ಮಿಸ್ತ್ರಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಎದುರಿನ ಗೋಡೆಯನ್ನು ಕುಡುಗೋಲಿನ ಬೆನ್ನಿನಿಂದ ಕರಕರ ಕೆರೆಯುತ್ತಿದ್ದರು.

"ಬರ‍್ರಿ ಅಕ್ಕಾರ. ನೋಡ್ರಿ ನಿಮ್ಮ ಮಿಸ್ತ್ರಿನ್ನ. ಉಣವಲ್ರು, ಎದ್ದು ಕುಂದರವಲ್ರು. ಆ ಗೋಡಿಗಿ ಸುಣ್ಣ ಹಚ್ಚಬೇಕು, ಸರೀರಿ ಅಂದ್ರ ಸರಿವಲ್ರು. ಇವರ ಮ್ಯಾಲೇ ಹಚ್ಚಲೇನು?"

ಮಿಸ್ತ್ರಿ ತಿರುಗದೆಯೇ ಹೇಳಿದರು. "ನನ್ನ ಕೈಲೆ ಆಗಲಿಲ್ರಿ ಅಕ್ಕಾರ. ಆ ಹುಡುಗರು ಅಂದದ್ದು ಖರೇ ಅದ. ನಾ ಸೈಡಿಗೇ ಇರಬೇಕಾಗಿತ್ತು. ಗಾಡಿ ಗುಜರಿಗಿ ಹಾಕ್ರಿ. ನಿಮ್ಮ ತೋಟ ನಾ ಕಳದೆ."

ನಾನು ಹೊರಸಿನ ಅಂಚಿಗೆ ಕೂತೆ. ಮಾತು ಬೇರೆ ಕಡೆ ತಿರುಗಲಿ ಎಂದು ಅವರ ಹೆಂಡತಿಯನ್ನು, "ಹಳೇ ಸುಣ್ಣದ ಮ್ಯಾಲೇ ಹಚ್ಚಿದ್ರ ಆಗಂಗಿಲ್ಲೇನ್ರಿ?" ಎಂದು ಕೇಳಿದೆ.

"ಹ್ಯಾಂಗ ಹಿಡೀತದ್ರಿ? ಹಳೀ ಪದರ ಪೂರಾ ಕೆರೀಬೇಕು, ಗೋಡಿ ಕಾಣೂತನ."

"ನಮ್ಮ ಮನೆಯವರಿಗೆ ಯಾರಾದರೂ ಇದನ್ನ ಹೇಳಬೇಕಿತ್ತು. ಹೋದ ವರ್ಷದ ಬಣ್ಣದ ಮ್ಯಾಲೇ ಈ ವರ್ಷದ್ದು ಹೊಡಿಯೋರು. ಅದೂ ಗಾಡಿಯ ಕೆಳಗೆಲ್ಲ. ಗೋಣಿಚೀಲ ಹಾಸಿ ಅಂಗಾತ ಮಲಗಿ, ಚಾಸಿಗೆ, ಬೋಲ್ಟಿಗೆ, ಯಾರಿಗೂ ಕಾಣದ ಕಡೆಗೆಲ್ಲ. ಫಸ್ಟ್ ಒಂದು ಕೋಟ್ ಸಿಲ್ವರ್, ತುಕ್ಕು ಹಿಡಿಬಾರದು ಅಂತ. ಅದರ ಮ್ಯಾಲೆ..."

ಹೊರಸು ಕಿರ್ ಎಂದಿತು. ಮಿಸ್ತ್ರಿ ಎದ್ದು ಕೂತಿದ್ದರು.

"ಏನಂದ್ರಿ? ಸಿಲ್ವರ್?"

"ಸಿಲ್ವರ್ ಪೇಂಟ್. ಕಿಟಕಿಯ ಸರಳಿಗೆ ಹೊಡಿತಾರಲ್ಲ, ಅದು."

ಅವರು ನನ್ನನ್ನೇ ನೋಡಿದರು. ಆಮೇಲೆ ಹಣೆ ಹಣೆ ಬಡಿದುಕೊಂಡರು. "ಯವ್ವಾ! ನಾ ಅದನ್ನ ಕಬ್ಬಿಣ ಅಂತ ತಿಳಕೊಂಡಿನ್ರಿ!"

ದಾರಿಯುದ್ದಕ್ಕೂ ಆಟೋದಲ್ಲಿ ನನಗೆ ತಿಳಿಸಿ ಹೇಳಿದರು. ಬ್ಯಾಟರಿಯಿಂದ ಹೊರಟ ಕರೆಂಟು ಕಂಪ್ಯೂಟರನ್ನು ಮುಟ್ಟಿ ಮತ್ತೆ ಬ್ಯಾಟರಿಗೆ ಬರಬೇಕು, ಬರುವ ದಾರಿ ಗಾಡಿಯ ಕಬ್ಬಿಣದ ಮೈ. ಅದಕ್ಕೇ ಅರ್ಥಿಂಗಿನ ವೈರನ್ನು ಚಾಸಿಗೆ ಬಿಗಿಯುವುದು. ಬಿಗಿಯುವ ಮುಂಚೆ ಅವರು ಬಣ್ಣ ಕೆರೆದಿದ್ದರು. ಕೆರೆದ ಕೆಳಗೆ ಬೆಳ್ಳಗೆ ಹೊಳೆದದ್ದು ಕಂಡಿತು, ಕಬ್ಬಿಣ ಸಿಕ್ಕಿತೆಂದು ಅಲ್ಲೇ ಬಿಗಿದರು. ಬಲ್ಬು ಹಚ್ಚಿ ಪರೀಕ್ಷಿಸಿದಾಗ ಕ್ಲಿಪ್ಪಿನ ಚೂಪು ಹಲ್ಲು ಬಣ್ಣವನ್ನು ಕಚ್ಚಿ ಒಳಗಿಳಿದಿದ್ದರಿಂದ ಬಲ್ಬು ಹತ್ತಿತ್ತು. ಎಂಜಿನ್ ನಡುಗಿದಾಗ ಮಾತ್ರ ಆ ವೈರಿಗೆ ಒಮ್ಮೆ ದಾರಿ ಸಿಗುವುದು, ಒಮ್ಮೆ ತಪ್ಪುವುದು.

"ಹಳೀ ಎಂಜಿನ್ನಿಗಿ ಇದು ನಡೀತಿತ್ರಿ. ಅಳಿಯ ಭಾಳ ನಾಜೂಕು" ಎಂದರು. ಆಟೋದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಯಾರ ಮನೆಯ ಜಗಳವೋ ಎಂದುಕೊಂಡಿರಬೇಕು.

ಅಂಗಳ ತಲುಪಿದಾಗ ಅವರು ಸೀದಾ ಗಾಡಿಯ ಕೆಳಗೆ ನುಗ್ಗಬಹುದೆಂದುಕೊಂಡೆ. ನುಗ್ಗಲಿಲ್ಲ. ಪಾಲೀಸು ಕಾಗದ ಮತ್ತು ಕೆರೆಯುವ ತಗಡನ್ನು ನನ್ನ ಕೈಗೆ ಕೊಟ್ಟರು.

"ಸಾಹೇಬ್ರ ಕೈಲೆ ಹಚ್ಚಿದ್ದು. ನೀವೇ ತೆಗೀರಿ."

ಬಾಗಿಲ ಕೆಳಗೆ, ಕೂತರೆ ಕೈಗೆ ಸಿಗುವ ಕಡೆಯಲ್ಲಿ ಜಾಗ ತೋರಿಸಿ, ನನಗೊಂದು ಮಣೆ ಹಾಕಿದರು. ನಾನು ಕೆರೆದೆ. ಬಾಳೆ ಎಲೆಯ ಹಸಿರು ಹೋಯಿತು. ಅದರ ಕೆಳಗೆ ಸಾಸಿವೆ ಹೂವಿನ ಹಳದಿ, ನನಗೆ ಆಗದ ಬಣ್ಣ, ಅದರ ಸಲುವಾಗಿ ನಾವು ಒಂದು ವಾರ ಮಾತು ಬಿಟ್ಟಿದ್ದೆವು. ಅದರ ಕೆಳಗೆ ಇನ್ನೂ ಎಷ್ಟೋ ದಸರೆಗಳ ಬಣ್ಣ, ಆಮೇಲೆ ಇಟ್ಟಿಗೆ ಕೆಂಪು. ಅದರ ಕೆಳಗೆ ನೀಲಿ, ಆ ವರ್ಷ ನಾನು ಮೊದಲ ಸಲ ಒಬ್ಬಳೇ ಸಿಟಿಯವರೆಗೆ ಓಡಿಸಿದ್ದೆ. ನನಗೆ ಸೆಂಟಿಮೆಂಟ್ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಕನ್ನಡಕ ಮಾತ್ರ ಎರಡು ಸಲ ಒರೆಸಿಕೊಳ್ಳಬೇಕಾಯಿತು. ಮಿಸ್ತ್ರಿ ಆ ಹೊತ್ತಿನಲ್ಲಿ ಬೇವಿನ ಮರವನ್ನೇ ನೋಡುತ್ತಿದ್ದರು. ಕೊನೆಗೆ ಸಿಲ್ವರ್ ಬಂತು. ಅದನ್ನೂ ಕೆರೆದಾಗ, ಮಂಕಾದ, ಬೂದಿ ಬಣ್ಣದ, ಒಂದಿಷ್ಟೂ ಚೆಂದವಿಲ್ಲದ ಕಬ್ಬಿಣ ಕಂಡಿತು.

ನಾನು ಇನ್ನೂ ಅಗಲ ಕೆರೆಯಲು ಹೋದೆ. ಅವರು ಕೈ ಅಡ್ಡ ಮಾಡಿದರು.

"ಸಾಕ್ರಿ. ಒಂದ್ ರೂಪಾಯಿ ಅಗಲ ಸಾಕು. ಉಳಿದದ್ದು ಸಾಹೇಬ್ರದು, ಹಂಗೇ ಇರಲಿ."

ವೈರು ಬಿಗಿದರು. ಕೈ ತೊಳೆದರು. ಅಂಗಿ ತೊಟ್ಟರು, ಮೇಲಿನ ಗುಂಡಿಯವರೆಗೂ ಹಾಕಿಕೊಂಡರು. ಸೀಟಿನವರೆಗೆ ಹೋದವರು ಅಲ್ಲೇ ನಿಂತು, "ನೀವೇ ತಿರುವ್ರಿ. ಪ್ರಾಮಿಸ್ ನಿಮ್ದು" ಎಂದರು. ನಾನು ಹತ್ತಿ ತಿರುಗಿಸಿದೆ. ಎಂಜಿನ್ ಹಿಡಿಯಿತು. ನಿಂತೀತೆಂದು ನಾವಿಬ್ಬರೂ ಕಾದೆವು. ನಿಲ್ಲಲಿಲ್ಲ. ಹಳದಿ ದೀಪ ಒಂದು ಸಲ ಹತ್ತಿ, ತಾನಾಗಿ ಆರಿತು.

ಮಿಸ್ತ್ರಿ ಏನು ಮಾಡಿದರು ಎಂದು ಹೇಳಿದರೆ ನೀವು ನಂಬುವುದಿಲ್ಲ. ಬಾನೆಟ್ಟಿಗೆ ಕೈಮುಗಿದು, "ಬಂದ್ಯಾ ಅಳಿಯಪ್ಪಾ" ಎಂದರು. ಆಮೇಲೆ ನನಗೆ ಬೆನ್ನು ಮಾಡಿ ನಿಂತರು, ತುಂಬ ಹೊತ್ತು.

ಮರುದಿನ ಬೆಳಿಗ್ಗೆಯೇ ಕಮಲಾಪುರಕ್ಕೆ ಹೊರಟೆವು. ಮಹಾಗಾಂವ ದಾಟುವಷ್ಟರಲ್ಲಿ ಪಕ್ಕದಲ್ಲಿ ಗೊರಕೆ. ತೋಟದ ಗೇಟಿನಲ್ಲಿ ನನ್ನ ಮೈದುನ ತರಿಸಿದ ಟೆಂಪೋ ನಿಂತಿತ್ತು. ಅವನು ನಮ್ಮ ಪಿಕ್‌ಅಪ್ ನೋಡಿದ, ನನ್ನ ನೋಡಿದ, ಟೆಂಪೋದವನಿಗೆ, "ಹೋಗೋ ಮಾರಾಯಾ, ನಮ್ಮ ವೈನಿ ಬಂದ್ರು" ಎಂದ. ಆಮೇಲೆ ನನ್ನ ಕೈಗೆ ಕುಡುಗೋಲು ಕೊಟ್ಟು, "ಯಾವ ಗೊನಿ ಮೊದಲ ಕಡೀಬೇಕು, ಹೇಳ್ರಿ" ಎಂದು ಕೇಳಿದ. ಲಾವಣಿಯ ಮಾತು ಮತ್ತೆ ಎತ್ತಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಕಟಾವಿಗೂ ಮಿಸ್ತ್ರಿ ನನ್ನ ಜೊತೆ ಬರುತ್ತಿದ್ದರು, ಗಾಡಿಗೆ ಏನೂ ಆಗದಿದ್ದರೂ. ಹೋಗುವಾಗ ನಿದ್ದೆ, ಬರುವಾಗ ಊರವರ ಬಗ್ಗೆ ಚಾಡಿ. ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಕಾಯಿಲೆ ಇರಲಿಲ್ಲ, ಮೀಸೆಗೆ ಅವತ್ತೇ ಡೈ ಹಚ್ಚಿದ್ದರಂತೆ. ಬಳೆ ತೆಗೆಯಿರಿ ಎಂದ ಹೆಂಗಸರನ್ನು ಅವರ ಹೆಂಡತಿ ಬೈದು ಕಳಿಸಿದರು.

ಮೊನ್ನೆಯ ಕಟಾವಿಗೆ ಆಕೆಯನ್ನು ಕರೆದುಕೊಂಡು ಹೋದೆ. ಕಮಲಾಪುರವನ್ನು ಆಕೆ ನೋಡಿರಲಿಲ್ಲ. ಗಂಡನ ಹಾಗಲ್ಲ, ದಾರಿಯುದ್ದಕ್ಕೂ ಕಣ್ಣು ಬಿಟ್ಟುಕೊಂಡು ಹೊಲ ನೋಡಿದರು, ಬೋರ್ಡು ನೋಡಿದರು, ನನ್ನ ಗೇರ್ ನೋಡಿದರು. ತೋಟದಲ್ಲಿ ಗೊನೆ ತುಂಬಿ ಆಯಿತು. ಹಿಂದುಗಡೆ ಒಣಗಿದ ಬಾಳೆಲೆ ಮುಚ್ಚುತ್ತ ನಾನು ಮೈದುನನ ಜೊತೆ ನಿಂತಿದ್ದೆ. ಹೊರಡುವ ಮುಂಚೆ ಎಂಜಿನ್ ಸ್ವಲ್ಪ ಬಿಸಿಯಾಗಲಿ ಎಂದು, ಗೇರ್ ತೆಗೆದೇ ಇಟ್ಟಿದ್ದೆನಲ್ಲ, ಕಿಟಕಿಯ ಹತ್ತಿರ ಹೋಗಿ, "ಜರಾ ಆ ಚಾವಿ ತಿರುವ್ತೀರೇನು?" ಎಂದೆ.

"ನಾನಾ? ಜಲ್ಮದಾಗ ಮುಟ್ಟಿಲ್ರಿ."

"ಬಲಕ್ಕೆ ತಿರುಗಿಸೋದು, ಹಿಡಿದ ಕೂಡ್ಲೇ ಕೈ ಬಿಡೋದು."

ಆಕೆ ಸೀಟಿನ ಮೇಲೆ ಈಚೆಗೆ ಸರಿದರು. ಸೆರಗಿಗೆ ಕೈ ಒರೆಸಿಕೊಂಡರು. ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಬೆದರಿ ಕೈ ಹಿಂದೆಳೆದುಕೊಂಡವರು, ಅದು ಓಡುತ್ತಲೇ ಇದ್ದದ್ದು ಕೇಳಿ, ನನ್ನ ಕಡೆ ತಿರುಗಿದರು.

"ಇಷ್ಟೇ ಏನ್ರಿ?" ಎಂದರು. "ಇದಕ್ಕೇನಾ ಅವರು ಜಲ್ಮ ಪೂರಾ ಮನಿ ಬಿಟ್ಟು ಹೊರಗ ಇದ್ದದ್ದು?"

"ಇಷ್ಟೇ" ಎಂದೆ.

ಆಕೆ ಎರಡೂ ಕೈಗಳನ್ನು ಮೆಲ್ಲಗೆ ಸ್ಟಿಯರಿಂಗ್ ಮೇಲೆ ಇಟ್ಟರು. ಎಂಜಿನ್ನಿನ ನಡುಕ ಹತ್ತಿ ಬಳೆಗಳು ಸಣ್ಣಗೆ ಸದ್ದು ಮಾಡತೊಡಗಿದವು. ಹಾಗೆಯೇ ಕಣ್ಣು ಮುಚ್ಚಿ ಕೂತರು.

ಹಿಂದಿನಿಂದ ಮೈದುನ ಕೂಗಿದ. "ವೈನಿ, ಹಗ್ಗ ಬಿಗಿಯೂದು ಇನ್ನಾ ಅದ. ಬಂದ್ ಮಾಡಂತ ಹೇಳ್ರಿ ಅವರಿಗಿ, ಸುಮ್ನ ಡೀಸೆಲ್ ಸುಡಾಕತ್ತದ."

"ಸುಡಲಿ ಬಿಡು" ಎಂದೆ.

ಅವನು ಕಿಟಕಿಯೊಳಗೆ ಒಮ್ಮೆ ನೋಡಿದ. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ. ಆ ಹಗ್ಗವನ್ನು ನಾವಿಬ್ಬರೂ ಬಹಳ ನಿಧಾನವಾಗಿ ಬಿಗಿದೆವು.